ನಮ್ಮ ಓತಿಕ್ಯಾತದ ಮೇಷ್ಟ್ರು

ನನಗೆ ಮೊಮ್ಮಗಳು ಹುಟ್ಟಿದಳು! ಸೋಮವಾರ ಬೆಳಗ್ಗೆ ಆನೇಕಲ್ ಆಸ್ಪತ್ರೆಯಲ್ಲಿ ಹುಟ್ಟಿದಳು, ಇವತ್ತು ಮಧ್ಯಾಹ್ನ ಮನೆಗೆ ಬಂದಳು. ಕೆಂಪಗೆ, ಗುಂಡಗೆ, ತಲೆ ತುಂಬ ಕೂದಲು. ಮದುವೆಯಾದ ಎಂಟನೇ ವರ್ಷಕ್ಕೆ ನನ್ನ ಸೊಸೆ ಕಸ್ತೂರಿ ಹೆತ್ತ ಕೂಸು. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಸಕ್ಕರೆ ಕೊಟ್ಟೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ. ಕೊಟ್ಟರೆ ಏನಾಯಿತು, ಇನ್ನೂ ಎರಡು ಸಲ ಕೊಡುತ್ತೇನೆ.

ಮೇಷ್ಟ್ರು ಪಾಠ ಹೇಳಿದ ಹೈಸ್ಕೂಲಿನವರು ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. “ಆರು ವರ್ಷ ನಿಮ್ಮ ಮನೇಲೇ ಇದ್ರಲ್ಲಮ್ಮ, ನೀವೂ ನಾಲ್ಕು ಮಾತು ಬರೀರಿ” ಅಂತ ಕಾಗದ ಕೊಟ್ಟು ಹೋಗಿ ತಿಂಗಳಾಯಿತು. ನಾನು ಓದಿದ್ದು ಮೂರನೇ ಕ್ಲಾಸು. ಕಾಗದ ಹಾಗೇ ಗೂಡಿನಲ್ಲಿತ್ತು. ಇವತ್ತು ಕೈ ತಾನಾಗಿ ಓಡುತ್ತಿದೆ, ಯಾಕೆಂದರೆ ಈ ಸುದ್ದಿಯನ್ನು ನಾನು ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದದ್ದು ಅವರಿಗೆ. ಅವರು ಹೋದ ವರ್ಷ ದೀಪಾವಳಿಗೆ ಮುಂಚೆ ತಮ್ಮ ಊರಿನಲ್ಲಿ ತೀರಿಕೊಂಡರು.

ಅವರು ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದಾಗ ಹೊಸೂರು ರಸ್ತೆಯ ಪಕ್ಕ ಫ್ಯಾಕ್ಟರಿಗಳು ಒಂದೊಂದೇ ಏಳುತ್ತಿದ್ದವು. ಉಳಿದದ್ದೆಲ್ಲ ರಾಗಿ ಹೊಲ, ಬಂಡೆ, ಕುರುಚಲು ಗಿಡ. ಮೇಷ್ಟ್ರು ಬಿಜಾಪುರ ಸೀಮೆಯವರು. ಹೆಂಡತಿ ಬೇಗ ಹೋಗಿಬಿಟ್ಟಿದ್ದರು, ಮಕ್ಕಳಿರಲಿಲ್ಲ. ಸಾಮಾನು ಅಂತ ತಂದದ್ದು ಒಂದು ಟ್ರಂಕು, ಒಂದು ಕೊಡೆ, ಮೂರು ತಗಡಿನ ಡಬ್ಬಿ. ಡಬ್ಬಿಗಳ ಮುಚ್ಚಳಕ್ಕೆಲ್ಲ ಮೊಳೆಯಲ್ಲಿ ತೂತು ಹೊಡೆದಿತ್ತು. “ಇದೇನ್ ಮೇಷ್ಟ್ರೆ, ತೂತು ಡಬ್ಬಿ?” ಅಂದೆ. “ಉಸಿರಾಡಾಕ ಬೇಕಲ್ರಿ ಅಕ್ಕಾರ” ಅಂದರು. ಯಾರು ಉಸಿರಾಡಬೇಕು ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಏಪ್ರಿಲ್ ಬಿಸಿಲಲ್ಲಿ ನಮ್ಮ ಯಜಮಾನರು ಹೊಲದಿಂದ ಓಡಿ ಬಂದು “ಬಾರೇ, ಮೇಷ್ಟ್ರು ಬಂಡೆ ತಾವ ಬಿದ್ದವ್ರೆ, ನೀರು ತಗೊಂಬಾ” ಅಂದರು. ಚೊಂಬು ಹಿಡಿದು ಓಡಿದೆ. ಮೇಷ್ಟ್ರು ಬಿಚ್ಚಿದ ಕೊಡೆಯ ಕೆಳಗೆ ಹೊಟ್ಟೆ ಅಡಿಯಾಗಿ ಮಲಗಿದ್ದರು.

“ಮೇಷ್ಟ್ರೆ, ಉಸಾರಿಲ್ವಾ? ಏಳಿ, ನೀರು ಕುಡೀರಿ.”

“ಶ್... ಸುಮ್ಕಿರ್ರಿ ಅಕ್ಕಾರ. ಅಲ್ಲಿ ನೋಡ್ರಿ, ಗಂಟಲ ಬಿಚ್ಚಾಕತ್ತಾನ.”

ಕಲ್ಲಿನ ಮೇಲೆ ಗೇಣುದ್ದವೂ ಇಲ್ಲದ ಒಂದು ಓತಿಕ್ಯಾತ. ಮುಂಗಾಲೂರಿ ಎದ್ದು, ಗಂಟಲ ಕೆಳಗಿನ ತೊಗಲನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚಿ ಮಾಡುತ್ತಿತ್ತು. ಹುಟ್ಟಿದಾಗಿನಿಂದ ಆ ಬಂಡೆಯ ಹತ್ತಿರ ಸೌದೆ ಆರಿಸಿದವಳು ನಾನು, ಅದು ಹೀಗೆ ಗಂಟಲು ಬಿಚ್ಚುವುದನ್ನು ಒಂದು ದಿನವೂ ನೋಡಿರಲಿಲ್ಲ. ನಮ್ಮ ಕಡೆ ಓತಿಕ್ಯಾತ ಕಂಡರೆ ಕಲ್ಲು ಹೊಡೆಯುವುದೇ ಪದ್ಧತಿ. ಇವರು ಅದಕ್ಕೆ ಕೊಡೆ ಹಿಡಿದಿದ್ದರು! ಅಲ್ಲ, ಕೊಡೆ ಅವರಿಗೇ ಇತ್ತು, ನನಗೆ ಹಾಗೆ ಕಂಡಿತು.

ಅವತ್ತಿನಿಂದ ಊರು ಅವರನ್ನು ಓತಿಕ್ಯಾತದ ಮೇಷ್ಟ್ರು ಅಂತಲೇ ಕರೆಯಿತು. ಅವರಿಗೆ ಬೇಸರವಿರಲಿಲ್ಲ. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿರುತ್ತಿದ್ದರು, ಅಂಗಿಯ ಮುಂಭಾಗ ಸದಾ ಕೆಮ್ಮಣ್ಣು. ಕಾಫಿಯನ್ನು ಬಸಿಯಲ್ಲಿ ಹಾಕಿಕೊಂಡು ಆರಿಸಿ ಆರಿಸಿ, ಅದು ತಣ್ಣಗಾದ ಮೇಲೆ “ಬಿಸಿ ಅದ ಏನ್ರಿ?” ಅನ್ನುವರು. ಯಾರು ಏನು ಕೇಳಿದರೂ ಮೊದಲು “ಹಂಗಂತ ಹೇಳಾಕ ಬರಂಗಿಲ್ರಿ” ಅನ್ನುವರು. ಮಳೆ ಬರುತ್ತಾ ಮೇಷ್ಟ್ರೆ? ಹಂಗಂತ ಹೇಳಾಕ ಬರಂಗಿಲ್ರಿ. ನನ್ನ ಮಗ ಮುನಿರಾಜ ಪಾಸಾಗ್ತಾನಾ? ಹಂಗಂತ ಹೇಳಾಕ ಬರಂಗಿಲ್ರಿ. ಅವನು ಫೇಲಾದ. ಆಗ ಮಾತ್ರ ಅವರೇ ಎದುರು ಕೂತು ಮತ್ತೆ ಓದಿಸಿ ಪಾಸು ಮಾಡಿಸಿದರು.

ಒಂದು ಬೇಸಿಗೆ ಅವರು ಓತಿಕ್ಯಾತಗಳ ಗುರುತಿಗೆ ಒಂದೊಂದರ ಬೆನ್ನಿಗೂ ಕೆಂಪು ಬಣ್ಣದ ಚುಕ್ಕಿ ಇಟ್ಟರು. ನನ್ನ ನಾದಿನಿ ಪಿಳ್ಳಮ್ಮ ಪಕ್ಕದ ಬೀದಿಯವಳು, ನಾಲಿಗೆ ಚುರುಕು, ಭಕ್ತಿ ಜಾಸ್ತಿ. ಸೌದೆಗೆ ಹೋದವಳು ಬೆವರುತ್ತಾ ಬಂದಳು. “ಅತ್ತಿಗೆ, ಬಂಡೆ ಮೇಲಿನ ಓತಿಕ್ಯಾತಕ್ಕೆಲ್ಲ ಯಾರೋ ಕುಂಕುಮ ಇಟ್ಟವ್ರೆ. ಅಲ್ಲಿ ತಾಯಿ ನೆಲೆಯಾಗವ್ಳೆ ಕಣೆ!” ಮಾರನೆ ದಿನ ಬಂಡೆಗೆ ಅರಿಶಿನದ ದಾರ ಸುತ್ತಿ ಕಾಯಿ ಒಡೆದಳು. ವಾರದಲ್ಲಿ ಊರಿನ ಅರ್ಧ ಹೆಂಗಸರು ಒಡೆದರು. ಮೇಷ್ಟ್ರು ನೋಡಿ ನಗದೆ, ಕೈ ಮುಗಿದು ಬಂದರು. “ನೀವೂ ನಂಬ್ತೀರಾ?” ಅಂದೆ. “ಇನ್ನ ಯಾರೂ ಕಲ್ಲು ಒಗ್ಯಂಗಿಲ್ಲಲ್ರಿ ಅಕ್ಕಾರ, ಅಷ್ಟ ಸಾಕು” ಅಂದರು.

ಇಷ್ಟೆಲ್ಲ ಯಾಕೆ ಅಂತ ನಾನು ಒಂದು ದಿನ ಅವರೆಕಾಯಿ ಬಿಡಿಸುತ್ತಾ ಕೇಳಿಯೇಬಿಟ್ಟೆ. ಅವರೂ ಕೂತು ಕಾಯಿ ಬಿಡಿಸುತ್ತಾ ಹೇಳಿದರು. ಅವರ ಊರಲ್ಲೂ ಈ ಓತಿಕ್ಯಾತ ಇದೆಯಂತೆ. ಮೈ ಹೀಗೇ, ಬಾಲ ಹೀಗೇ. ಆದರೆ ಅಲ್ಲಿಯ ಗಂಡಿನ ಗಂಟಲು ದೊಡ್ಡದು, ನೀಲಿ, ಕಪ್ಪು, ಕಿತ್ತಳೆ ಮೂರು ಬಣ್ಣ, ಜಾತ್ರೆಯ ಬೀಸಣಿಗೆಯ ಹಾಗೆ. ನಮ್ಮದರದ್ದು ಚಿಕ್ಕದು, ಮಾಸಲು ಬಿಳಿ. ದೊಡ್ಡ ದೊಡ್ಡ ಪುಸ್ತಕಗಳು ಎರಡೂ ಒಂದೇ ಅನ್ನುತ್ತವಂತೆ. ಇವರಿಗೆ ಅನುಮಾನ.

“ಒಂದಾನೊಂದು ಕಾಲಕ್ಕ ಒಂದ ಇದ್ವು ಅಕ್ಕಾರ. ನಡುವ ಹೊಳಿನೋ, ಕಾಡೋ, ಗುಡ್ಡನೋ ಬಂತು. ಈ ಕಡೀವು ಇಲ್ಲೇ ಉಳದ್ವು, ಆ ಕಡೀವು ಅಲ್ಲೇ. ಹೋಗಿಬರೋದು ನಿಂತ್ತು. ಅಲ್ಲಿ ಹೆಣ್ಣು ಬಣ್ಣ ಜಾಸ್ತಿ ಇದ್ದವನ್ನ ಆರಿಸ್ತು, ಅವನ ಮಕ್ಕಳಿಗೆ ಒಂಚೂರು ಬಣ್ಣ ಹೆಚ್ಚು. ಅವರ ಮಕ್ಕಳಿಗೆ ಇನ್ನೊಂಚೂರು. ಇಲ್ಲಿ ಹೆಣ್ಣಿಗೆ ಬಣ್ಣದ ಹುಚ್ಚು ಇರಲಿಲ್ಲ. ಹಿಂಗ ಲಕ್ಷ ತಲಿಮಾರು ಹೋದ ಮ್ಯಾಲೆ ಎರಡನ್ನೂ ಎದುರು ಬದುರು ನಿಲ್ಸಿದ್ರ, ಈ ಹೆಣ್ಣಿಗೆ ಆ ಗಂಡು ಗಂಡು ಅಂತನ ಕಾಣಂಗಿಲ್ಲ. ಕೂಡಿದ್ರೂ ಮರಿ ಆಗಂಗಿಲ್ಲ. ಅವತ್ತ ಎರಡಾದ್ವು.”

“ಯಾವತ್ತು ಎರಡಾಯ್ತು ಅಂತ ಯಾರಾದ್ರೂ ನೋಡಿದಾರಾ ಮೇಷ್ಟ್ರೆ?”

ಅವರು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. “ಚಲೋ ಕೇಳಿದ್ರಿ. ಅಂಥಾ ದಿನಾನ ಇಲ್ರಿ. ನಿಮ್ಮ ಮುನಿರಾಜ ಯಾವತ್ತ ದೊಡ್ಡವನಾದ, ಹೇಳ್ರಿ ನೋಡೋಣು?” ಮೂರನೇ ಕ್ಲಾಸಿನವಳ ಪ್ರಶ್ನೆಗೆ ಚಲೋ ಅಂದ ಮನುಷ್ಯ ಅವರೊಬ್ಬರೇ. ಅವತ್ತು ರಾತ್ರಿ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಮುಂದಿನ ರಜೆಯಲ್ಲಿ ಊರಿಗೆ ಹೋದವರು, ಬರುವಾಗ ತೂತಿನ ಡಬ್ಬಿಯಲ್ಲಿ ಬಣ್ಣದ ಗಂಟಲಿನ ಒಂದು ಗಂಡನ್ನು ಬಸ್ಸಿನಲ್ಲಿ ತಂದರು. ನಮ್ಮ ಕಡೆಯ ಒಂದು ಹೆಣ್ಣನ್ನು ಮರಿಯಿಂದ ಬುಟ್ಟಿಯಲ್ಲಿ ಸಾಕಿದ್ದರು. ಒಂದು ಪಕ್ಕ ನಮ್ಮ ಊರ ಗಂಡು, ಇನ್ನೊಂದು ಪಕ್ಕ ಪರಊರ ಗಂಡು, ನಡುವೆ ಹೆಣ್ಣನ್ನು ಇಟ್ಟು ಅದು ಯಾವ ಕಡೆ ತಿರುಗುತ್ತೆ ಅಂತ ಬರೆದುಕೊಳ್ಳುವರು. ಮೂರನ್ನೂ ಬೇರೆ ಬೇರೆ ಬುಟ್ಟಿಯಲ್ಲೇ ಇಡಬೇಕು, ಮುಟ್ಟಬಾರದು ಅಂತ ನನಗೆ ಎರಡು ಸಲ ಹೇಳಿದ್ದರು.

ನಾನು ಮುಟ್ಟಿದೆ. ಇದ್ದದ್ದು ಹೇಳಬೇಕಲ್ಲ. ಅವರು ಸ್ಕೂಲಿಗೆ ಹೋಗಿದ್ದಾಗ ಆ ಹೆಣ್ಣು ಬುಟ್ಟಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿತ್ತು. ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದ ಗಂಡೂ ಒಂಟಿ. ಎರಡನ್ನೂ ಒಂದೇ ಬುಟ್ಟಿಗೆ ಬಿಟ್ಟೆ. ಬರಿಗೈಯಲ್ಲಿ ಬಿಡಬಾರದು ಅಂತ ಹೆಣ್ಣಿನ ತಲೆಗೆ ಒಂದು ಚಿಟಿಕೆ ಅರಿಶಿನವನ್ನೂ ಹಾಕಿದೆ.

ಮೇಷ್ಟ್ರು ಬಂದು ನೋಡಿ ಜಗಲಿಯ ಮೇಲೆ ತಲೆ ಹಿಡಿದು ಕೂತರು. ಆಮೇಲೆ ಅವರ ಭುಜ ಕುಣಿಯತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. “ಲಗ್ನ ಮಾಡಿಬಿಟ್ರಲ್ರಿ ಅಕ್ಕಾರ! ಆಗ್ಲಿ ಬಿಡ್ರಿ, ಸಂಸಾರ ಹ್ಯಾಂಗ ಮಾಡ್ತಾವ ನೋಡೂಣು.”

ಸಂಸಾರವೇನೂ ಚೆನ್ನಾಗಿರಲಿಲ್ಲ. ಗಂಡು ಮೂರು ಬಣ್ಣ ಬಿಚ್ಚಿ ಕುಣಿದರೂ ಹೆಣ್ಣು ಗೋಡೆ ನೋಡುತ್ತಿತ್ತು. ಆದರೂ ತಿಂಗಳ ಮೇಲೆ ಮರಳು ತೋಡಿ ಎಂಟು ಮೊಟ್ಟೆ ಇಟ್ಟಿತು. ಮೇಷ್ಟ್ರು ಕುಣಿದೇಬಿಟ್ಟರು. ಒಡೆದ ಮಡಕೆಯಲ್ಲಿ ಮರಳು ತುಂಬಿ ಮೊಟ್ಟೆ ಹೂತು ನನ್ನ ವಶಕ್ಕೆ ಕೊಟ್ಟರು. ನಾನೂ ದಿನಾ ಸ್ನಾನ ಮಾಡಿ ತುಳಸಿಗೆ ಹಾಕುವಾಗ ಅದಕ್ಕೂ ಒಂದು ಚೊಂಬು ನೀರು ಹಾಕಿದೆ. ಎರಡು ತಿಂಗಳಾದರೂ ಮರಿ ಬರಲಿಲ್ಲ. ಕೆದಕಿ ನೋಡಿದರೆ ಎಲ್ಲ ಕೊಳೆತಿದ್ದವು. ಮೇಷ್ಟ್ರು ಮಡಕೆಯನ್ನು ತೊಳೆದಿಟ್ಟರು.

“ಅಂಗಾದ್ರೆ ಎರಡೂ ಬೇರೆ ಬೇರೇನೇ ಅಲ್ವಾ ಮೇಷ್ಟ್ರೆ?”

“ಹಂಗಂತ ಹೇಳಾಕ ಬರಂಗಿಲ್ರಿ” ಅಂದರು. ನನ್ನ ತಲೆಯಲ್ಲಿ ಮಾತ್ರ ಆ ಸೀಮೆಯದೂ ಈ ಸೀಮೆಯದೂ ಕೂಡಿದರೆ ಮರಿಯಾಗುವುದಿಲ್ಲ ಅನ್ನುವುದು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಪಿಳ್ಳಮ್ಮನಿಗೂ ಹೇಳಿದೆ. ಹೇಳದಿದ್ದರೆ ಚೆನ್ನಾಗಿತ್ತು.

ಇದಾದ ಎರಡು ವರ್ಷಕ್ಕೆ ಮೇಷ್ಟ್ರ ತಂಗಿಯ ಮಗಳು ಕಸ್ತೂರಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕೆಲಸ ಮಾಡುತ್ತೇನೆ ಅಂತ ಬಂದಳು. ರೇಡಿಯೋ ಭಾಗಗಳಿಗೆ ತಂತಿ ಬೆಸೆಯುವ ಫ್ಯಾಕ್ಟರಿ. ಅಲ್ಲೇ ಮುನಿರಾಜ ಫಿಟ್ಟರ್. ಒಂದೇ ಬಸ್ಸು, ಒಂದೇ ಶಿಫ್ಟು, ಒಂದೇ ಅಂಗಳ. ಆಮೇಲಿನದನ್ನು ನಾನು ಬರೆಯಬೇಕಾಗಿಲ್ಲ. ಮಗ ಬಾಯಿ ಬಿಟ್ಟಾಗ ಊರೆಲ್ಲ ಅಂದಿತು: ಅವರ ಕುಲವೇ ಬೇರೆ, ನಮ್ಮ ಕುಲವೇ ಬೇರೆ, ಅವರ ಮಾತೇ ಅರ್ಧ ಅರ್ಥವಾಗಲ್ಲ. ನಮ್ಮ ಯಜಮಾನರು ಒಂದು ದಿನ ಯೋಚನೆ ಮಾಡಿ “ಉಡ್ಗಿ ಒಳ್ಳೇವ್ಳು ಕಣೆ” ಅಂದರು. ಮದುವೆಯಾಯಿತು. ಬೀಗರ ಮನೆಯಲ್ಲಿ ಬಾಡಿಗೆಗಿರುವುದು ಚೆನ್ನಾಗಿರುವುದಿಲ್ಲ ಅಂತ ಮೇಷ್ಟ್ರು ಟ್ರಂಕು ಕಟ್ಟಿ ಚಂದಾಪುರಕ್ಕೆ ಹೋದರು.

ಒಂದು ವರ್ಷವಾಯಿತು, ಎರಡಾಯಿತು, ಐದಾಯಿತು. ಕೂಸಿಲ್ಲ. ಕಸ್ತೂರಿ ಬೆಳಗ್ಗೆ ಎದ್ದು ಕಸ ಹೊಡೆದು, ಅಡಿಗೆ ಮಾಡಿ, ಶಿಫ್ಟಿಗೆ ಓಡುವ ಹುಡುಗಿ. ಒಂದು ಮಾತು ಎದುರಾಡಲಿಲ್ಲ. ಹಿರಿಯರ ಹಬ್ಬದ ದಿನ ಎಲ್ಲರೂ ಎಲೆಯ ಮುಂದೆ ಕೂತಾಗ ಪಿಳ್ಳಮ್ಮ ಎಲ್ಲರೆದುರಿಗೂ ಅಂದಳು.

“ಅತ್ತಿಗೆ, ಇನ್ನೆಷ್ಟು ವರ್ಸ ಕಾಯ್ತೀಯೇ? ಮುನಿರಾಜುಂಗೆ ಇನ್ನೊಂದು ಎಣ್ಣು ನೋಡು. ಆ ಸೀಮೇದು ಈ ಸೀಮೇದು ಕೂಡಿದ್ರೆ ಮೊಟ್ಟೆ ಕೊಳ್ತೋಯ್ತದೆ ಅಂತ ಮೇಷ್ಟ್ರೇ ತೋರ್ಸಿಲ್ವಾ? ನೀನೇ ತಾನೇ ನಂಗೇಳಿದ್ದು?”

ಅನ್ನ ಬಡಿಸುತ್ತಿದ್ದ ಕಸ್ತೂರಿಯ ಕೈ ಹಾಗೇ ನಿಂತಿತು. ಅವಳು ನನ್ನನ್ನು ನೋಡಿದಳು. “ಅತ್ತೀ, ನೀವೂ ಹಂಗ ಅಂದ್ರೇನ್ರಿ?” ಅಷ್ಟೇ ಕೇಳಿದ್ದು. ನಾನು ಇಲ್ಲ ಅನ್ನಬೇಕಾಗಿತ್ತು. ಹೇಗೆ ಅನ್ನಲಿ, ಅಂದಿದ್ದೆ. ಮುನಿರಾಜ ಎಲೆಯ ಮುಂದಿಂದ ಎದ್ದುಬಿಟ್ಟ. “ಇನ್ನೊಂದ್ ಮಾತಾಡಿದ್ರೆ ಇಬ್ರೂ ಮನೆ ಬಿಟ್ಟೋಯ್ತೀವಿ, ನೋಡ್ಕೊಳ್ಳಿ.” ಪಿಳ್ಳಮ್ಮನೂ ಎದ್ದಳು. “ನಂಗ್ ಬುದ್ಧಿ ಏಳೋನಾ ನೀನು? ಈ ಮನೇಲಿ ಇನ್ನ ನಾನ್ ಕೈ ತೊಳ್ಯಕಿಲ್ಲ” ಅಂತ ಹೋದಳು. ಮೂರು ವರ್ಷ ನಮ್ಮ ಹೊಸಲು ತುಳಿಯಲಿಲ್ಲ. ಹಿರಿಯರಿಗೆ ಇಟ್ಟ ಎಡೆಯ ಮುಂದೆ ಅವತ್ತು ಯಾರೂ ಊಟ ಮಾಡಲಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಚಂದಾಪುರದಿಂದ ಸೈಕಲ್ ತುಳಿದುಕೊಂಡು ಬಂದರು. ಕಸ್ತೂರಿ ಹೇಳಿರಲಿಲ್ಲ, ಮಗ ಹೇಳಿದ್ದ. ಅವರ ಮುಖ ನಾನು ಎಂದೂ ಹಾಗೆ ನೋಡಿದ್ದಿಲ್ಲ. ಕಾಫಿ ಮುಟ್ಟಲಿಲ್ಲ.

“ಅಕ್ಕಾರ, ಓತಿಕ್ಯಾತದ ಮಾತ ನಮ್ಮ ಹುಡುಗಿ ಮ್ಯಾಲೆ ಹಾಕಿದ್ರಿ?”

“ತಪ್ಪಾಯ್ತು ಮೇಷ್ಟ್ರೆ. ನೀವು ಏಳಿದ್ದನ್ನೇ ನಾನು...”

“ನಾ ಅರ್ಧ ಹೇಳಿದ್ದೆ. ತಪ್ಪು ನಂದೂ ಅದ.” ಜಗಲಿಯ ಮೇಲೆ ಕೂತರು. “ಮೊದಲನೇದು, ಒಂದು ಹೆಣ್ಣು, ಒಂದು ಬುಟ್ಟಿ, ದಿನಾ ಚೊಂಬು ನೀರು ಕುಡದ ಎಂಟು ಮೊಟ್ಟಿ. ಅದರಿಂದ ಏನೂ ಹೇಳಾಕ ಬರಂಗಿಲ್ಲ. ನೂರು ಸಲ ನೋಡ್ಬೇಕು. ಎರಡನೇದು ಕೇಳ್ರಿ. ಒಂದು ಎರಡಾಗಬೇಕಾದ್ರ ಹೋಗಿಬರೋದು ನಿಲ್ಲಬೇಕು. ಒಂದು ವರ್ಷ ಅಲ್ಲ, ನೂರು ವರ್ಷ ಅಲ್ಲ, ಲಕ್ಷಗಟ್ಲೆ ವರ್ಷ. ಮನುಷ್ಯಾ ಎಲ್ಲಿ ನಿಂತಾನ್ರಿ? ಹೊಳಿ ಬಂದ್ರ ದೋಣಿ ಮಾಡ್ತಾನ. ಗುಡ್ಡ ಬಂದ್ರ ಹತ್ತಿ ಇಳೀತಾನ. ಉಪ್ಪು ಮಾರಾಕ ಹೋದವ ಹೆಂಡ್ತಿ ಕಟಗೊಂಡು ಬರ್ತಾನ. ಅದಕ್ಕ ನಾವು ಎರಡಾಗಲಿಲ್ಲ. ಬಿಜಾಪುರಕ್ಕೂ ಆನೇಕಲ್ಲಿಗೂ ನಡುವ ಏನದ? ಒಂದು ರಾತ್ರಿ ಬಸ್ಸು. ಭೂಮಿ ಆ ತುದಿಯವ ಬಂದ್ರೂ ನಾವು ಒಂದ ರೀ.”

ಆಮೇಲೆ ಅಂದರು: “ಗಂಟಲ ಬಣ್ಣ ಬ್ಯಾರೆ ಆದ ಕೂಡ್ಲೆ ಎರಡಾಗಂಗಿಲ್ಲ ಅಕ್ಕಾರ. ಒಂದನ್ನೊಂದು ನೋಡೋದು ಬಿಟ್ಟಾಗ ಶುರು ಆಗ್ತದ. ನಿಮ್ಮ ಮನ್ಯಾಗ ಅದನ್ನ ಶುರು ಮಾಡಬ್ಯಾಡ್ರಿ.”

ನನಗೆ ಅಳು ಬಂತು. ಒಳಗೆ ಹೋಗಿ ಕಸ್ತೂರಿಯ ಕೈ ಹಿಡಿದುಕೊಂಡೆ. “ಅಂದಿದ್ದೆ ಕಣಮ್ಮ. ತಿಳೀದೆ ಅಂದೆ” ಅಂದೆ. ಅವಳು ನನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ಹೊರಡುವಾಗ ಮೇಷ್ಟ್ರು ಸೈಕಲ್ ಹಿಡಿದು, ಮುನಿರಾಜನನ್ನು ಕರೆದು, ಪೇಟೆಯ ಒಬ್ಬ ಡಾಕ್ಟರ ವಿಳಾಸ ಕೊಟ್ಟರು. “ಇಬ್ರೂ ಹೋಗ್ರಿ. ಆಕಿ ಒಬ್ಬಾಕಿನ್ನ ಕಳಸಬ್ಯಾಡ. ನೀನೂ ತೋರಿಸ್ಕೊ.” ಗಂಡಸನ್ನು ಡಾಕ್ಟರಿಗೆ ತೋರಿಸುವುದೇ? ನಮ್ಮ ಊರಲ್ಲಿ ಯಾರೂ ಕೇಳದ ಮಾತು. ಮುನಿರಾಜ ನೆಲ ನೋಡಿದ. ಆದರೂ ಹೋದ. ಅವನಿಗೇ ಒಂದು ಸಣ್ಣ ಆಪರೇಷನ್ ಆಯಿತು, ವರ್ಷಗಟ್ಟಲೆ ಮಾತ್ರೆ ನುಂಗಿದ. ಇದನ್ನು ಬರೆಯಲೇನೋ ಅಂತ ಅವನನ್ನೇ ಕೇಳಿದೆ. “ಬರಿ ಅಮ್ಮ. ಇನ್ಯಾರಾದ್ರೂ ಎಂಗಸ್ರ ಮೇಲೆ ತಪ್ಪು ಆಕೋ ಮೊದ್ಲು ಓದ್ಲಿ” ಅಂದ.

ಮೇಷ್ಟ್ರು ನಿವೃತ್ತಿಯಾಗಿ ಊರಿಗೆ ಹೋಗುವ ಮೊದಲು ಕೊನೆಯ ಸಲ ಬಂಡೆಯ ಹತ್ತಿರ ಹೋದೆವು. ಅಷ್ಟು ಹೊತ್ತಿಗೆ ಅರ್ಧ ಬಂಡೆ ಒಡೆದು ಫ್ಯಾಕ್ಟರಿಯ ಕಾಂಪೌಂಡು ಎದ್ದಿತ್ತು. ಆ ಕಡೆಯ ಓತಿಕ್ಯಾತಗಳು ಆ ಕಡೆ, ಈ ಕಡೆಯವು ಈ ಕಡೆ. “ಇವೂ ಇನ್ನ ಎರಡಾಗ್ತಾವಾ ಮೇಷ್ಟ್ರೆ?” ಅಂದೆ. ಗೋಡೆಯನ್ನು ತಟ್ಟಿ ನೋಡಿದರು. “ಈ ಕಂತ್ರಾಟದಾರನ ಸಿಮೆಂಟ ನೋಡಿದ್ರ ಹತ್ತು ವರ್ಷ ನಿಂತ್ರ ಹೆಚ್ಚು. ಲಕ್ಷ ವರ್ಷ ನಿಂತ್ರ ಆಗ ಮಾತಾಡೂಣ್ರಿ” ಅಂದು ನಕ್ಕರು. ಆಮೇಲೆ ಬಗ್ಗಿ, ಗೋಡೆಯ ಬುಡದ ನೀರು ಹೋಗುವ ತೂತಿಗೆ ಸಿಕ್ಕಿದ್ದ ಕಸವನ್ನು ಕಡ್ಡಿಯಿಂದ ಕೆದಕಿ ತೆಗೆದರು. ತಗ್ಗಿ ಆ ಕಡೆ ನೋಡಿ “ಹಾಂ, ಹಾಯಬಹುದು” ಅಂದರು.

ಅವರ ಓತಿಕ್ಯಾತಗಳು ಒಂದೋ ಎರಡೋ ಅನ್ನುವುದು ಕೊನೆಗೂ ತೀರ್ಮಾನವಾಗಲಿಲ್ಲ. ಬರೆದದ್ದನ್ನು ಬೆಂಗಳೂರಿನ ದೊಡ್ಡ ಕಾಲೇಜಿಗೆ ಕಳಿಸಿದ್ದರಂತೆ, ಉತ್ತರ ಬರಲಿಲ್ಲವಂತೆ. ನನ್ನ ಮಟ್ಟಿಗೆ ಅವು ಎರಡು. ಆ ಹೆಣ್ಣು ಗೋಡೆ ನೋಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಷ್ಟ್ರು ಇದ್ದಿದ್ದರೆ ಹಂಗಂತ ಹೇಳಾಕ ಬರಂಗಿಲ್ಲ ಅನ್ನುತ್ತಿದ್ದರು, ಇರಲಿ.

ಅವರ ಕೊನೆಯ ಕಾಗದದಲ್ಲಿ ತಮ್ಮ ಕೆಮ್ಮಿನ ಬಗ್ಗೆ ಒಂದು ಸಾಲು, ಕಸ್ತೂರಿಯ ಬಗ್ಗೆ ಆರು ಸಾಲು ಇತ್ತು. ಹುಡುಗಿ ನಗತಾಳೇನು ಅಂತ ಕೇಳಿದ್ದರು. ಮೇಷ್ಟ್ರೇ, ನಗುತ್ತಾಳೆ. ಇವತ್ತು ಅವಳು ಆಟೋದಿಂದ ಇಳಿಯುವಾಗ ನಾನು ಆರತಿ ಎತ್ತಲು ಹೋಗಿ ತಟ್ಟೆಯ ನೀರೆಲ್ಲ ನನ್ನ ಮೇಲೇ ಚೆಲ್ಲಿಕೊಂಡೆ. ಹೊಲಿಗೆ ನೋವಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಧ್ಯಾಹ್ನವೇ ನಾನು ಪಿಳ್ಳಮ್ಮನ ಮನೆಗೆ ಹೋದೆ. ಅವಳು ಬರಲಿ ಅಂತ ಕಾದರೆ ಅವಳು ಬರುವವಳಲ್ಲ, ಹೋಗುವುದನ್ನು ನಾನೇ ಶುರು ಮಾಡಬೇಕು. ಬಾಗಿಲಲ್ಲಿ ನಿಂತು “ಮೊಮ್ಮಗ್ಳು ಬಂದವ್ಳೆ, ನೋಡಕೆ ಬರಾಕಿಲ್ವಾ?” ಅಂದೆ. ಅವಳು ಮೊರದಲ್ಲಿ ಏನೋ ಕೇರುತ್ತಿದ್ದವಳು ಮುಖ ಎತ್ತಲಿಲ್ಲ. “ಯಾರ್ ತರ ಅವ್ಳೆ?” ಅಂದಳು. “ನೀನೇ ಬಂದು ನೋಡು” ಅಂದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಮೂಗು, ಕಿವಿ, ಕಾಲ್ಬೆರಳು ಎಲ್ಲ ಪರೀಕ್ಷೆ ಮಾಡಿದಳು. “ಮೂಗು ನಮ್ದೇ” ಅಂದಳು. ಊರಿಂದ ಬಾಣಂತನಕ್ಕೆ ಬಂದಿರುವ ಕಸ್ತೂರಿಯ ತಾಯಿ, ಮೇಷ್ಟ್ರ ತಂಗಿ, “ಕಣ್ಣು ನಮ್ಮಣ್ಣಂದು ನೋಡ್ರಿ” ಅಂದರು. ಇಬ್ಬರೂ ಕೂಸಿನ ಮೇಲೆ ಬಗ್ಗಿ ಕಿವಿ ಯಾರದು ಅಂತ ಜಗಳ ಶುರು ಮಾಡಿದರು.

ಈಗ ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಎಲೆ ಹಾಕಿಕೊಂಡು ಕೂತಿದ್ದಾರೆ, ನನ್ನನ್ನು ಕರೆಯುತ್ತಿದ್ದಾರೆ. ಮುದ್ದೆಯೂ ಇದೆ, ಬೀಗಿತ್ತಿ ತಟ್ಟಿದ ಜೋಳದ ರೊಟ್ಟಿಯೂ ಇದೆ. ಬಾಣಂತಿಗೆ ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ. ಅವಳು ಕೋಣೆಯ ಬಾಗಿಲಲ್ಲಿ ಒರಗಿ ಕೂತಿದ್ದಾಳೆ, ತೊಡೆಯ ಮೇಲೆ ಕೂಸು. ಪಿಳ್ಳಮ್ಮ ತನ್ನ ಎಲೆಯನ್ನು ತಾನೇ ಎಳೆದುಕೊಂಡು ಹೋಗಿ ಅವಳ ಪಕ್ಕ ಕೂತಿದ್ದಾಳೆ. ಕಸ್ತೂರಿಗೆ ಬಗ್ಗಲಾಗದು ಅಂತ, ಅವಳ ಅನ್ನವನ್ನು ಕಲೆಸಿ, ತುತ್ತು ಮಾಡಿ, “ಬಾಯ್ ತೆಗಿಯೇ” ಅಂತ ಗದರುತ್ತಿದ್ದಾಳೆ. ಕಸ್ತೂರಿ ಬಾಯಿ ತೆರೆದಳು. ನಾನೂ ಹೋಗುತ್ತೇನೆ, ರೊಟ್ಟಿ ಆರಿಹೋಗುತ್ತದೆ.